ಡಿಸ್ಕ್ ಗಾಲ್ಫ್ ಬೆಳೆಯಲು ಮೊದಲು ಬೇಕಾದದ್ದು ಒಂದು ಪಾರ್ಕು

ಎಸೆದು ಆಡುವ ಪ್ಲಾಸ್ಟಿಕ್ ತಟ್ಟೆ ಫ್ರಿಸ್ಬೀ ಬೆಂಗಳೂರಿಗೆ ಹೊಸದಲ್ಲ. ವಾರಾಂತ್ಯದ ಬೆಳಿಗ್ಗೆ ಹುಡುಗರು, ಹುಡುಗಿಯರು ಒಂದೇ ತಂಡದಲ್ಲಿ ಅಲ್ಟಿಮೇಟ್ ಆಡುತ್ತಾರೆ; ತಟ್ಟೆಯನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತ ಎದುರಾಳಿಯ ತುದಿಗೆ ಮುಟ್ಟಿಸುವ ತಂಡದ ಆಟ ಅದು. ಅಂಪೈರ್ ಇರುವುದಿಲ್ಲ, ತಕರಾರು ಬಂದರೆ ತಾವೇ ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ. ಅದೇ ತಟ್ಟೆಯ ಇನ್ನೊಂದು ಆಟವಾದ ಡಿಸ್ಕ್ ಗಾಲ್ಫ್ ಮಾತ್ರ ಇಲ್ಲಿ ಅಷ್ಟು ಜನರನ್ನು ತಲುಪಿಲ್ಲ. ಇದಕ್ಕೆ ಆಸಕ್ತಿಯ ಕೊರತೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಅಲ್ಟಿಮೇಟ್‌ಗೆ 100 ಮೀಟರ್ ಉದ್ದ, 37 ಮೀಟರ್ ಅಗಲದ ಬಯಲು ಸಾಕು. ಅಷ್ಟೂ ಸಿಗದಿದ್ದರೆ ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆಗೆ ಹಿಡಿದು ಸಣ್ಣ ತಂಡ ಕಟ್ಟಿಕೊಂಡು ಆಡಬಹುದು. ಡಿಸ್ಕ್ ಗಾಲ್ಫ್‌ಗೆ ಮರಗಳ ನಡುವೆ, ಏರುತಗ್ಗಿನಲ್ಲಿ ಎಕರೆಗಟ್ಟಲೆ ಜಾಗ ಬೇಕು. ನಗರದೊಳಗೆ ಅಂಥ ಜಾಗ ಉಳಿದಿರುವುದು ಬಹುಮಟ್ಟಿಗೆ ಸರ್ಕಾರದ ಕೈಯಲ್ಲಿ.

ಆಟ ಸರಳ. ಟೀ ಎಂಬ ಗುರುತಿನಿಂದ ಡಿಸ್ಕ್ ಎಸೆಯಬೇಕು, ಅದು ಬಿದ್ದಲ್ಲಿಗೆ ನಡೆದು ಅಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಸರಪಳಿ ಇಳಿಬಿಟ್ಟ ಲೋಹದ ಬುಟ್ಟಿಗೆ ಬೀಳಿಸಬೇಕು. ಒಂದು ಟೀಯಿಂದ ಅದರ ಬುಟ್ಟಿಯವರೆಗಿನದು ಒಂದು ಹೋಲ್. ಹೀಗೆ 9 ಅಥವಾ 18 ಹೋಲ್ ಸೇರಿದ ಅಂಗಳವೇ ಕೋರ್ಸ್. ಎಲ್ಲಕ್ಕಿಂತ ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ.

ಬುಟ್ಟಿ ಮೊದಲಿನಿಂದ ಇರಲಿಲ್ಲ. ಕೆನಡಾದ ಬ್ಲಾಡ್‌ವರ್ತ್ ಊರಿನ ಶಾಲಾ ಹುಡುಗರು 1926ರ ಸುಮಾರಿಗೇ ಡಬ್ಬದ ಮುಚ್ಚಳ ಎಸೆದು ಇಂಥದೊಂದು ಆಟ ಆಡಿದ್ದರು. 1960ರ ದಶಕದಲ್ಲಿ ಅಮೆರಿಕದ ಹಲವೆಡೆ ಮರದ ಕಾಂಡ, ದೀಪದ ಕಂಬ, ಕಸದ ಡಬ್ಬಿಗಳೇ ಗುರಿಯಾಗಿದ್ದವು. ಗೋಡೆಗೆ ಇದ್ದಿಲಲ್ಲಿ ಸ್ಟಂಪ್ ಬರೆದು ಆಡುವ ಗಲ್ಲಿ ಕ್ರಿಕೆಟ್‌ನಲ್ಲಿ ಔಟೋ ಅಲ್ಲವೋ ಎಂದು ಜಗಳವಾಗುವ ಹಾಗೆ, ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ವಾದ ಅಲ್ಲೂ ಮುಗಿಯುತ್ತಿರಲಿಲ್ಲ.

ಫ್ರಿಸ್ಬೀ ತಯಾರಿಸುತ್ತಿದ್ದ ವ್ಯಾಮ್-ಓ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ಈ ವಾದಕ್ಕೆ ಕೊನೆ ಹಾಡಿದರು. ಫ್ರಿಸ್ಬೀ ಗಾಳಿಯಲ್ಲಿ ಸ್ಥಿರವಾಗಿ ಹಾರುವಂತೆ ಸುಧಾರಿಸಿ 1967ರಲ್ಲಿ ಪೇಟೆಂಟ್ ಪಡೆದವರೂ ಇವರೇ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಕೋರ್ಸ್ ರೂಪಿಸಿದರು. 1976ರಲ್ಲಿ ಆಟಗಾರರ ಸಂಘವಾದ ಪಿಡಿಜಿಎ ಕಟ್ಟಿದರು. ಅದರ ಸದಸ್ಯತ್ವ ಸಂಖ್ಯೆ 1 ಅವರದೇ. ಸರಪಳಿ ಬುಟ್ಟಿಗೆ 1977ರಲ್ಲಿ ಪೇಟೆಂಟ್ ಸಿಕ್ಕಿತು. ಬುಟ್ಟಿಯೊಳಗೆ ಬಿದ್ದರೆ ಬಿತ್ತು, ಇಲ್ಲವಾದರೆ ಇಲ್ಲ. ವಾದಕ್ಕೆ ಜಾಗವೇ ಉಳಿಯಲಿಲ್ಲ.

ಈ ಆಟದ ಚರಿತ್ರೆ ಬರೆಯುವವರು ಹೆಚ್ಚಾಗಿ ಬುಟ್ಟಿಯನ್ನೇ ಕೊಂಡಾಡುತ್ತಾರೆ. ನನ್ನ ಮಟ್ಟಿಗೆ ದೊಡ್ಡ ಸಂಗತಿ ಎಂದರೆ ಆ ಬುಟ್ಟಿಗಳು ನಿಂತದ್ದು ಸಾರ್ವಜನಿಕ ಉದ್ಯಾನದಲ್ಲಿ. ನಾಯಿ ಕರೆದುಕೊಂಡು ಬಂದವರ, ಊಟ ಕಟ್ಟಿಕೊಂಡು ಬಂದ ಕುಟುಂಬಗಳ ಕಣ್ಣಿಗೆ ಅವು ಬಿದ್ದವು. ಕೇಳಿದವರ ಕೈಗೆ ಒಂದು ಡಿಸ್ಕ್ ಕೊಟ್ಟರೆ ಅವರೂ ಆಟಗಾರರೇ. ಇಂದಿಗೂ ಜಗತ್ತಿನ ಬಹುಪಾಲು ಕೋರ್ಸ್‌ಗಳಲ್ಲಿ ಆಡಲು ದುಡ್ಡು ಕೊಡಬೇಕಿಲ್ಲ.

1979ರಲ್ಲಿ ಹೆಡ್ರಿಕ್ 50,000 ಡಾಲರ್ ಬಹುಮಾನದ ಟೂರ್ನಿಯನ್ನೂ ನಡೆಸಿದರು. ಆದರೆ ಆಟವನ್ನು ಊರಿಂದೂರಿಗೆ ಒಯ್ದದ್ದು ಬಹುಮಾನವಲ್ಲ. ಸ್ಥಳೀಯ ಆಟಗಾರರು ಪಾರ್ಕಿನ ಅಧಿಕಾರಿಗಳನ್ನು ಒಪ್ಪಿಸಿ ಹಾಕಿಸಿಕೊಂಡ ಒಂದೊಂದೇ ಕೋರ್ಸ್. ಅಮೆರಿಕದ ಆಟಗಾರ ಪಾಲ್ ಮೆಕ್‌ಬೆತ್ ಡಿಸ್ಕ್ ತಯಾರಿಸುವ ಡಿಸ್ಕ್‌ಕ್ರಾಫ್ಟ್ ಕಂಪನಿಯ ಜತೆ 10 ವರ್ಷಕ್ಕೆ 1 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡದ್ದು 2021ರಲ್ಲಿ, ಅಂದರೆ ಮೊದಲ ಕೋರ್ಸ್ ಬಂದು 46 ವರ್ಷಗಳ ಮೇಲೆ. ಸುಮಾರು 55 ಲಕ್ಷ ಜನರ ಫಿನ್‌ಲ್ಯಾಂಡ್‌ನಲ್ಲಿ ಈಗ ನೂರಾರು ಕೋರ್ಸ್‌ಗಳಿವೆ, ಹಲವನ್ನು ಪುರಸಭೆಗಳೇ ಹಾಕಿಸಿವೆ. ಜಾಗತಿಕ ಫ್ಲೈಯಿಂಗ್ ಡಿಸ್ಕ್ ಒಕ್ಕೂಟಕ್ಕೆ 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಸಿಕ್ಕಿತು. ಅದು ಸಂತೋಷದ ವಿಷಯವೇ. ಆದರೆ ಮಾನ್ಯತೆಯ ಪತ್ರದಿಂದ ಜಯನಗರದ ಹುಡುಗಿಗೆ ಆಡಲು ಜಾಗ ಸಿಗುವುದಿಲ್ಲ.

ಬೆಂಗಳೂರಿನ ಕಷ್ಟ ಬೇರೆ ಥರದ್ದು. 1876ರಿಂದ ಇಲ್ಲಿ ಗಾಲ್ಫ್ ಕ್ಲಬ್ ಇದೆ, ಆದರೆ ಅದು ಸದಸ್ಯರದು. 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್ ಎಲ್ಲರದು, ಆದರೆ ಅಲ್ಲಿ ಭಾನುವಾರ ನಡೆದಾಡಲೂ ಜಾಗ ಸಾಲದು. ಬಡಾವಣೆಯ ಪಾರ್ಕುಗಳಲ್ಲಿ ‘ಆಟ ಆಡಬಾರದು’ ಎಂಬ ಫಲಕ ಮಾಮೂಲು. ಆ ಫಲಕವನ್ನು ಹಳಿಯುವುದು ಸುಲಭ, ಆದರೆ ಅದರ ಹಿಂದಿನ ಭಯ ನಿಜ. ಗಾಲ್ಫ್ ಡಿಸ್ಕ್ ಅಲ್ಟಿಮೇಟ್ ಡಿಸ್ಕಿಗಿಂತ ಚಿಕ್ಕದು, ಅಂಚು ಚೂಪು, ತೂಕ ಸಾಮಾನ್ಯವಾಗಿ 150ರಿಂದ 175 ಗ್ರಾಂ. ಪಳಗಿದ ಕೈಯಿಂದ ಅದು ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಬೆಳಿಗ್ಗೆ ವಾಕಿಂಗ್‌ಗೆ ಬಂದ ಅಜ್ಜಿಯೊಬ್ಬರಿಗೆ ಅದು ತಗುಲಿದರೆ ಆಟದ ಕಥೆ ಅಲ್ಲಿಗೇ ಮುಗಿಯಿತು, ಮುಗಿಯಬೇಕು ಕೂಡ.

ಹಾಗಾಗಿ ಮೊದಲ ಪ್ರಶ್ನೆ ಹೊತ್ತಿನದು. ನಗರದ ಪಾರ್ಕುಗಳಿಗೆ ಹಗಲು ಹೊತ್ತು ಬೀಗ ಬೀಳುವ ಪದ್ಧತಿ ಬಹುಕಾಲ ಇತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಪಾಲಿಕೆ ನಿರ್ಧರಿಸಿತು. ಮಧ್ಯಾಹ್ನ ನಡೆಯುವವರು ಕಡಿಮೆ. ವಾರದ ದಿನಗಳ ಆ ನಾಲ್ಕೈದು ತಾಸು ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ.

ಎರಡನೆಯದು ಮರಗಳ ಪ್ರಶ್ನೆ, ಇದು ಇನ್ನೂ ಸೂಕ್ಷ್ಮ. 2021ರಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡಹೊರಟಾಗ ಸುತ್ತಲಿನವರು ಬೀದಿಗಿಳಿದರು. ಕಾಡು ಕಾಡಾಗಿಯೇ ಇರಲಿ ಎಂಬ ಅವರ ಮಾತು ಸರಿ. ಡಿಸ್ಕ್ ಗಾಲ್ಫ್ ಅತ್ತ ಕಣ್ಣು ಹಾಯಿಸಲೇಬಾರದು. ಕೋರ್ಸ್‌ನಲ್ಲಿ ಬೇಕೆಂದೇ ಕೊಂಬೆ ಮುರಿಯುವುದನ್ನು ನಿಯಮ ಒಪ್ಪುವುದಿಲ್ಲ, ನಿಜ. ಆದರೂ ಪದೇಪದೇ ಡಿಸ್ಕ್ ಬಡಿದರೆ ತೊಗಟೆ ಸುಲಿಯುತ್ತದೆ, ಒಂದೇ ದಾರಿಯಲ್ಲಿ ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ನೀರು ಇಳಿಯುವುದಿಲ್ಲ. ಬುಟ್ಟಿಗಳ ಜಾಗ ಆಗಾಗ ಬದಲಿಸಬೇಕು, ಎದುರಿಗೆ ಸಿಗುವ ಕಾಂಡಗಳಿಗೆ ತೆಂಗಿನ ನಾರಿನ ಚಾಪೆ ಸುತ್ತಬೇಕು. ಇದನ್ನು ಆಟಗಾರರೇ ಮೊದಲು ಹೇಳಿದರೆ ತೋಟಗಾರಿಕೆ ಇಲಾಖೆಯವರು ಕೂತು ಕೇಳುತ್ತಾರೆ.

ಜಾಗದ ಮಟ್ಟಿಗೆ ನನ್ನ ಆಯ್ಕೆ ವಿಶ್ವವಿದ್ಯಾಲಯಗಳು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಮತ್ತು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಎರಡೂ ಸಾವಿರ ಎಕರೆ ಮೀರಿದ ಆವರಣಗಳು. ಹೋಲ್ ಒಂದಕ್ಕೆ ಒಂದು ಎಕರೆ ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ 9 ಹೋಲ್‌ಗೆ 9 ಎಕರೆ. ನುಣ್ಣಗೆ ಕತ್ತರಿಸಿದ ಹುಲ್ಲು, ದಿನವೂ ನೀರು ಯಾವುದೂ ಬೇಡ. ಹಾಸ್ಟೆಲ್ ಹುಡುಗರು ಅಲ್ಲೇ ಇರುತ್ತಾರೆ, ಆಟ ಕಲಿತು ತಮ್ಮ ಊರಿಗೂ ಒಯ್ಯುತ್ತಾರೆ. ವನ್ಯಜೀವಿಗಳಿರುವ ಕಡೆ, ಕೃಷಿ ಪ್ರಯೋಗದ ತಾಕುಗಳಿರುವ ಕಡೆ ಬಿಟ್ಟು ಉಳಿದಲ್ಲಿ ಹುಡುಕಬೇಕು.

ಸಾಮಾನಿಗೆ ವಿದೇಶದ ಕಡೆ ನೋಡಬೇಕಾಗಿಲ್ಲ. ಬುಟ್ಟಿಯ ಮೂಲ ಪೇಟೆಂಟ್ ಮುಗಿದು ದಶಕಗಳಾದವು. ಪೈಪು, ಸರಪಳಿ, ಗ್ಯಾಲ್ವನೈಸಿಂಗ್ ಮೂರೂ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಗುತ್ತವೆ, ನಕ್ಷೆ ಕೊಟ್ಟರೆ ಬೆಸುಗೆಯವರು ಮಾಡಿಕೊಡುತ್ತಾರೆ. ಡಿಸ್ಕ್ ಅಷ್ಟು ಸುಲಭವಲ್ಲ. ಅಂಚಿನ ಆಕಾರ ಕೂದಲೆಳೆಯಷ್ಟು ತಪ್ಪಿದರೂ ಹಾರಾಟ ಬದಲಾಗುತ್ತದೆ, ಅಚ್ಚು ಮಾಡಿಸುವುದೂ ದುಬಾರಿ. ಮೊದಲಿಗೆ ಹತ್ತಿಪ್ಪತ್ತು ಡಿಸ್ಕ್ ತರಿಸಿ, ಲೈಬ್ರರಿ ಪುಸ್ತಕದಂತೆ ಹೆಸರು ಬರೆಸಿಕೊಂಡು ಕೊಟ್ಟರೆ ಸಾಕು.

ಈಗ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ ಐದು ನಗರ ಪಾಲಿಕೆಗಳಿವೆ. ಯಾವ ಪಾರ್ಕಿಗೆ ಯಾರ ಸಹಿ ಎಂದು ತಿಳಿಯಲು ಅಲೆಯಬೇಕಾದೀತು. ಆದರೆ ಕೇಳುವ ಬಾಗಿಲು ಒಂದರ ಬದಲು ಐದಾಗಿವೆ, ಒಂದು ಪಾಲಿಕೆ ಒಪ್ಪಿದರೂ ಉಳಿದವರಿಗೆ ತೋರಿಸಲು ನಮೂನೆಯಾಗುತ್ತದೆ. ಅರ್ಜಿಯಲ್ಲಿ ಕಾಂಕ್ರೀಟು, ಬೇಲಿ, ಪೆವಿಲಿಯನ್ ಯಾವುದೂ ಬೇಡ. ಸಂಜೆ ಎತ್ತಿಡಬಹುದಾದ 9 ಬುಟ್ಟಿ, ವಾಕಿಂಗ್ ದಾರಿಯನ್ನು ಎಲ್ಲೂ ದಾಟದ ನಕ್ಷೆ, ಆರು ತಿಂಗಳ ಪ್ರಯೋಗದ ಅವಧಿ, ಮತ್ತು ಆ ಪಾರ್ಕಿನ ನಡಿಗೆದಾರರ ಸಂಘದವರ ಸಹಿ ಇರಲಿ.