ಕಿಸಾಸ್, ದಿಯಾ, ಅಫ್ವ್: ಕೊಲೆಗಾರನನ್ನು ಕ್ಷಮಿಸುವ ಹಕ್ಕು ಯಾರದ್ದು?

2025ರ ಜುಲೈನಲ್ಲಿ, ಕೊಲೆ ಕೇಸಿನಲ್ಲಿ ಯೆಮನ್ ಜೈಲಿನಲ್ಲಿದ್ದ ಕೇರಳದ ನರ್ಸ್ ಒಬ್ಬರ ಮರಣದಂಡನೆ ಮುಂದಕ್ಕೆ ಹೋದಾಗ ಎಲ್ಲೆಲ್ಲೂ 'ಬ್ಲಡ್ ಮನಿ' ಮಾತೇ. ದುಡ್ಡಿದ್ದರೆ ಕೊಲೆಯೂ ಮಾಫ್ ಅಲ್ವಾ ಅಂತ ಅನ್ನಿಸಬಹುದು. ಆದರೆ ಸತ್ತವನ ಸಹೋದರ ನಮಗೆ ದುಡ್ಡು ಬೇಡ, ಶಿಕ್ಷೆಯೇ ಆಗಲಿ ಅಂತ ಪಟ್ಟು ಹಿಡಿದ. ಅವನ ಮಾತಿಗೆ ಅಷ್ಟು ತೂಕ ಯಾಕೆ?

ನಮ್ಮಲ್ಲಿ ಕೊಲೆ ಕೇಸ್ ನಡೆಸುವುದು ಸರ್ಕಾರ. ಮನೆಯವರು ರಾಜಿಯಾದರೂ ಕೇಸ್ ಮುಗಿಯುವುದಿಲ್ಲ. ಷರಿಯಾದಲ್ಲಿ ಕೊಲೆ ಮೊದಲು ಆ ಕುಟುಂಬಕ್ಕೆ ಆದ ಅನ್ಯಾಯ, ಹಾಗಾಗಿ ತೀರ್ಮಾನವೂ ಸತ್ತವರ ವಾರಸುದಾರರದ್ದು. ಜೀವಕ್ಕೆ ಜೀವ ಕೇಳಿದರೆ ಅದು ಕಿಸಾಸ್. ಪರಿಹಾರದ ಹಣ ತೆಗೆದುಕೊಂಡು ಬಿಟ್ಟರೆ ಆ ಹಣ ದಿಯಾ, ಅದೇ 'ಬ್ಲಡ್ ಮನಿ'. ಏನೂ ತೆಗೆದುಕೊಳ್ಳದೆ ಸುಮ್ನೆ ಕ್ಷಮಿಸಿದರೆ ಅಫ್ವ್. ಕುರಾನ್ ಈ ಮೂರನೆಯದರ ಕಡೆಗೇ ವಾಲುತ್ತದೆ. ಎರಡನೇ ಅಧ್ಯಾಯದ 178ನೇ ವಚನ ಕ್ಷಮಿಸುವವನನ್ನು ಕೊಲೆಗಾರನ 'ಸಹೋದರ' ಎಂದೇ ಕರೆಯುತ್ತದೆ. ಅಂಥ ಹೊತ್ತಲ್ಲಿ ಆ ಮಾತು ಬಳಸೋದು ಸಣ್ಣ ವಿಷಯವಲ್ಲ.

ವಾರಸುದಾರರು ಹಲವರಿದ್ದರೆ? ಇಸ್ಲಾಮಿಕ್ ಕಾನೂನಿನ ಹೆಚ್ಚಿನ ಪಂಥಗಳ ಪ್ರಕಾರ ಒಬ್ಬರು ಕ್ಷಮಿಸಿದರೂ ಮರಣದಂಡನೆ ಬಿದ್ದುಹೋಗುತ್ತದೆ, ಉಳಿದವರಿಗೆ ದಿಯಾದಲ್ಲಿ ಪಾಲು ಮಾತ್ರ. ಇರಾನಿನಲ್ಲಿ ಹಾಗಲ್ಲ. ಶಿಕ್ಷೆಯೇ ಬೇಕು ಅನ್ನುವವರು ಕ್ಷಮಿಸಿದವರ ಪಾಲಿನ ಹಣ ಕಟ್ಟಿ ಮುಂದುವರಿಯಬಹುದು.

ಹಳೆಯ ಲೆಕ್ಕದಲ್ಲಿ ದಿಯಾ ಅಂದರೆ 100 ಒಂಟೆ. ಸೌದಿಯಲ್ಲಿ 2011ರಲ್ಲಿ ಆಕಸ್ಮಿಕ ಸಾವಿಗೆ 3 ಲಕ್ಷ ರಿಯಾಲ್, ಕೊಲೆಗೆ 4 ಲಕ್ಷ ಅಂತ ನಿಗದಿಯಾಯಿತು. ಆದರೆ ಮರಣದಂಡನೆ ಬಿಟ್ಟುಕೊಡಲು ಕುಟುಂಬ ಎಷ್ಟು ಬೇಕಾದರೂ ಕೇಳಬಹುದು. ರಿಯಾದ್ ಜೈಲಿನಲ್ಲಿದ್ದ ಕೋಯಿಕ್ಕೋಡ್‌ನ ಒಬ್ಬರಿಗಾಗಿ 2024ರಲ್ಲಿ ಜನ ಸುಮಾರು 34 ಕೋಟಿ ರೂಪಾಯಿ ಒಟ್ಟುಮಾಡಿದರು. ಹಣ ಕೊಟ್ಟಾಯಿತು, ಮರಣದಂಡನೆ ರದ್ದಾಯಿತು, ಆದರೂ ತಕ್ಷಣ ಬಿಡಲಿಲ್ಲ. ಕುಟುಂಬದ ಹಕ್ಕು ಬೇರೆ, ಸಮಾಜದ ಪರವಾಗಿ ಸರ್ಕಾರಕ್ಕಿರುವ ಹಕ್ಕು ಬೇರೆ. ಆ ಎರಡನೆಯದರ ಮೇಲೆ ಕೋರ್ಟ್ 20 ವರ್ಷ ಜೈಲು ಅಂದಿತು, 2006ರಿಂದ ಒಳಗೆ ಕಳೆದ ಕಾಲವನ್ನೂ ಅದರಲ್ಲಿ ಸೇರಿಸಿ. ದುಡ್ಡು ಕೊಟ್ಟರೆ ಮುಗೀತು ಅನ್ನುವವರು ಇದನ್ನು ಗಮನಿಸಬೇಕು.

ಈ ಪದ್ಧತಿಯ ನಿಜವಾದ ತೊಂದರೆ ದುಡ್ಡಿನದ್ದಲ್ಲ ಅನ್ನೋದು ನನ್ನ ಅಭಿಪ್ರಾಯ. ಕೊಂದವನೂ ಅದೇ ಮನೆಯವನಾದರೆ? ಪಾಕಿಸ್ತಾನದಲ್ಲಿ 1990ರಲ್ಲಿ ಕಿಸಾಸ್-ದಿಯಾ ಕಾನೂನು ಬಂದ ಮೇಲೆ ಇದೇ ಆಯಿತು. ಮರ್ಯಾದೆ ಹೆಸರಲ್ಲಿ ಅಣ್ಣ ತಂಗಿಯನ್ನು ಕೊಲ್ಲುತ್ತಾನೆ, ಅಪ್ಪ ವಾರಸುದಾರನಾಗಿ ಕ್ಷಮಿಸುತ್ತಾನೆ, ಮಗ ಮನೆಗೆ ಬರುತ್ತಾನೆ. ಸತ್ತವಳ ಪರ ನಿಲ್ಲುವವರೇ ಇಲ್ಲ. 2016ರಲ್ಲಿ ಸಾಮಾಜಿಕ ಜಾಲತಾಣದ ತಾರೆ ಕಂದೀಲ್ ಬಲೋಚ್ ಕೊಲೆಯಾದಾಗ ಗಲಾಟೆ ಜಾಸ್ತಿಯಾಗಿ, ಮರ್ಯಾದೆ ಹತ್ಯೆಗೆ ಕ್ಷಮೆ ಸಿಕ್ಕರೂ ಜೀವಾವಧಿ ತಪ್ಪದು ಅಂತ ಕಾನೂನು ತಿದ್ದಿದರು. ಆದರೂ ಅವಳನ್ನು ಕೊಂದ ತಪ್ಪಿಗೆ ಜೀವಾವಧಿ ಶಿಕ್ಷೆಯಾಗಿದ್ದ ತಮ್ಮನನ್ನು ತಾಯಿ ಕ್ಷಮಿಸಿದಳು, 2022ರಲ್ಲಿ ಹೈಕೋರ್ಟ್ ಅವನನ್ನು ಬಿಡುಗಡೆ ಮಾಡಿತು.