ಉಯಿಲಿಗೆ ಇಬ್ಬರು ಸಾಕ್ಷಿ: ನಿಯಮ ಬಂದ ದಾರಿ

ಉಯಿಲಿನ ವ್ಯಾಜ್ಯ ಕೈಗೆ ಬಂದಾಗ ಅನುಭವಿ ವಕೀಲರು ಮೊದಲು ತಿರುವುವುದು ಕೊನೆಯ ಪುಟ. ಯಾರಿಗೆ ಎಷ್ಟು ಎಂಬುದು ಆಮೇಲಿನ ಮಾತು. ಸಾಕ್ಷಿ ಸಹಿಗಳು ಕೈಕೊಟ್ಟರೆ ಹಂಚಿಕೆ ಎಷ್ಟೇ ನ್ಯಾಯವಾಗಿದ್ದರೂ ನಿಲ್ಲದು.

ಈ ಕಟ್ಟುನಿಟ್ಟು ಇಂಗ್ಲೆಂಡಿನಿಂದ ಬಂದದ್ದು. ಅಲ್ಲಿ 1540ರ ಕಾಯ್ದೆ ಜಮೀನನ್ನು ಉಯಿಲಿನಲ್ಲಿ ಬರೆದುಕೊಡಲು ಅವಕಾಶ ಕೊಟ್ಟಾಗ ಕೇಳಿದ್ದು ಬರಹ ಮಾತ್ರ. ಬರೆದವನು ಸತ್ತಮೇಲೆ ಹೊರಬರುವ ಕಾಗದ. ಇದು ನನ್ನದಲ್ಲ ಎನ್ನಲು ಅವನೇ ಇರುವುದಿಲ್ಲ. ವಂಚನೆ ತಡೆಯಲು ತಂದ 1677ರ ಕಾಯ್ದೆ ಜಮೀನಿನ ಉಯಿಲಿಗೆ ಕನಿಷ್ಠ ಮೂವರು ಸಾಕ್ಷಿಗಳನ್ನು ಕೇಳಿತು. 1837ರಲ್ಲಿ ಸಂಖ್ಯೆ ಎರಡಕ್ಕಿಳಿಯಿತು, ಆದರೆ ಇಬ್ಬರೂ ಏಕಕಾಲಕ್ಕೆ ಹಾಜರಿರಬೇಕೆಂಬ ಷರತ್ತು ಸೇರಿತು.

ಭಾರತದ 1865ರ ಉತ್ತರಾಧಿಕಾರ ಕಾಯ್ದೆ ಇಬ್ಬರನ್ನು ಉಳಿಸಿಕೊಂಡು, ಒಟ್ಟಿಗೇ ಇರಬೇಕೆಂಬ ಷರತ್ತನ್ನು ಬಿಟ್ಟಿತು. ಅದು ಹಿಂದೂಗಳಿಗೆ ಅನ್ವಯಿಸುತ್ತಿರಲಿಲ್ಲ. ಅವರಲ್ಲಿ ಬಾಯಿಮಾತಿನ ಉಯಿಲೂ ನಡೆಯುತ್ತಿತ್ತು. 1870ರ ಹಿಂದೂ ವಿಲ್ಸ್ ಕಾಯ್ದೆ ಬಂಗಾಳದ ಕಡೆಯ ಪ್ರಾಂತ್ಯಗಳಿಗೂ ಮದ್ರಾಸ್, ಬಾಂಬೆ ನಗರಗಳಿಗೂ ನಿಯಮವನ್ನು ತಂದಿತು. ಉಳಿದ ಬ್ರಿಟಿಷ್ ಭಾರತದ ಹಿಂದೂಗಳಿಗೆ ಅದು ಬಂದದ್ದು 1927ರ ಜನವರಿ 1ರಿಂದ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಮೂಲಕ. ಮುಸ್ಲಿಮರ ವಸಿಯತ್ತಿಗೆ ಇಂದಿಗೂ ಈ ಸಾಕ್ಷಿ ನಿಯಮವಿಲ್ಲ.

1925ರ ಕಾಯ್ದೆಯ 63ನೇ ಕಲಮನ್ನು ನಿಧಾನವಾಗಿ ಓದಬೇಕು. ಉಯಿಲು ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಪ್ರತಿಯೊಬ್ಬ ಸಾಕ್ಷಿಯೂ ಕಣ್ಣಾರೆ ನೋಡಿರಬೇಕು. ಇಲ್ಲವೇ "ಇದು ನನ್ನ ಸಹಿ" ಎಂದು ಅವರ ಬಾಯಿಂದಲೇ ಕೇಳಿರಬೇಕು. ಬಳಿಕ ಸಾಕ್ಷಿ ಅವರ ಎದುರಿಗೇ ರುಜು ಮಾಡಬೇಕು. ಒಬ್ಬ ಬೆಳಿಗ್ಗೆ, ಇನ್ನೊಬ್ಬ ಸಂಜೆ ಹಾಕಿದರೂ ನಡೆದೀತು. ಕಾಗದವನ್ನು ಪಕ್ಕದ ಬೀದಿಯ ಸ್ನೇಹಿತನ ಮನೆಗೆ ಕಳಿಸಿ ಸಹಿ ಹಾಕಿಸಿಕೊಂಡರೆ ಉಯಿಲಿನ ಕಥೆ ಅಲ್ಲಿಗೆ ಮುಗಿಯಿತು.

ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಒಳ್ಳೆಯದೇ, ಆದರೆ ಅದು ಸಾಕ್ಷಿಗೆ ಬದಲಿಯಲ್ಲ. ಬಿಕ್ಕಲಂ (ಪತ್ರ ಬರೆದವನು ತಾನೆಂಬ ಸಹಿ) ಹಾಕಿದ ಪತ್ರ ಬರಹಗಾರ, ಸಬ್ ರಿಜಿಸ್ಟ್ರಾರ್ ಮುಂದೆ ಗುರುತು ಹೇಳಿದವರು ತಾವಾಗಿಯೇ ಉಯಿಲಿನ ಸಾಕ್ಷಿಗಳಾಗುವುದಿಲ್ಲ. ದೃಢೀಕರಿಸುವ ಉದ್ದೇಶದಿಂದಲೇ ಹಾಕಿದ ಸಹಿಯಷ್ಟೇ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ.

ಆಸ್ತಿ ಪಡೆಯುವವನೇ ಸಾಕ್ಷಿ ಹಾಕಿದರೆ? 67ನೇ ಕಲಂ ಪ್ರಕಾರ ಉಯಿಲು ಉಳಿದು, ಆ ಸಾಕ್ಷಿಗೂ ಅವನ ಹೆಂಡತಿಗೂ ಬರೆದ ಪಾಲು ಮಾತ್ರ ಬಿದ್ದುಹೋಗುತ್ತದೆ. ಹಿಂದೂಗಳ ಉಯಿಲಿಗೆ ಈ ಕಲಂ ಅನ್ವಯಿಸದು. ಹಾಗೆಂದು ಧೈರ್ಯ ಮಾಡಬಾರದು. ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹಾಕಿಕೊಟ್ಟ ಸೂತ್ರ ಇಂದಿಗೂ ಎಲ್ಲ ಕೋರ್ಟುಗಳಲ್ಲಿ ಓಡಾಡುತ್ತದೆ: ಲಾಭ ಪಡೆಯುವವನೇ ಮುಂದೆ ನಿಂತು ಉಯಿಲು ಮಾಡಿಸಿದ್ದರೆ ಅದೊಂದು ಸಂಶಯದ ಸಂದರ್ಭ, ಅದನ್ನು ನಿವಾರಿಸುವ ಹೊಣೆ ಉಯಿಲು ಮುಂದಿಡುವವನದೇ.

ಕೋರ್ಟಿನಲ್ಲಿ, ಸಾಕ್ಷಿ ಬದುಕಿದ್ದು ಬರಲು ಶಕ್ತನಿದ್ದರೆ ಕನಿಷ್ಠ ಒಬ್ಬನನ್ನು ಕಟಕಟೆಗೆ ಹತ್ತಿಸಲೇಬೇಕು. ನೋಂದಾಯಿತ ಬೇರೆ ಪತ್ರಗಳಿಗೆ, ಬರೆದುಕೊಟ್ಟವರೇ ನಿರಾಕರಿಸದಿದ್ದರೆ, ಇದರಿಂದ ವಿನಾಯಿತಿ ಉಂಟು, ಉಯಿಲಿಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂನಲ್ಲಿ ಮುಂದುವರಿದಿದೆ. ಬಂದ ಸಾಕ್ಷಿ ತನ್ನ ಸಹಿಯ ಬಗ್ಗೆ ಹೇಳಿ ಇಳಿದರೆ ಸಾಲದು, ಎರಡನೆಯವನ ಸಹಿ ಹೇಗಾಯಿತೆಂದೂ ಹೇಳಬೇಕು. ಅದು ಗೊತ್ತಿಲ್ಲವೆಂದರೆ ಎರಡನೆಯವನನ್ನೂ ಕರೆಸಬೇಕು. ಇಬ್ಬರೂ ಒಂದೇ ಹೊತ್ತಿಗೆ ಕೂತು ಸಹಿ ಹಾಕಲಿ ಎಂದು ವಕೀಲರು ಹಟ ಹಿಡಿಯುವುದು ಇದಕ್ಕೇ.

ಉಯಿಲಾದ ಮೇಲೆ ಪೆನ್ನಿನಿಂದ ಮೊತ್ತವನ್ನೋ ಹೆಸರನ್ನೋ ತಿದ್ದಿದರೆ ಆ ತಿದ್ದುಪಡಿಗೂ ಅದೇ ವಿಧಿ: ಅಂಚಿನಲ್ಲಿ ಬರೆದವರ ಸಹಿ, ಇಬ್ಬರು ಸಾಕ್ಷಿಗಳ ರುಜು.

ಸಾಕ್ಷಿಗಳಿಬ್ಬರೂ ಮೊದಲೇ ತೀರಿಕೊಂಡರೆ ಒಬ್ಬ ಸಾಕ್ಷಿಯ ಕೈಬರಹವನ್ನೂ ಉಯಿಲು ಬರೆದವರ ಸಹಿಯನ್ನೂ ಗುರುತಿಸಿ ಹೇಳುವವರು ಬೇಕಾಗುತ್ತದೆ. ಎಪ್ಪತ್ತರ ಹಿರಿಯರು ತಮ್ಮ ಓರಗೆಯ ಗೆಳೆಯರನ್ನೇ ಸಾಕ್ಷಿ ಮಾಡಿಕೊಂಡಾಗ ಮಕ್ಕಳಿಗೆ ಬರುವ ತಾಪತ್ರಯ ಇದು. ತಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಕರೆದು, ತಂದೆಯ ಹೆಸರು, ವಿಳಾಸ ಸಹಿತ ರುಜು ಹಾಕಿಸಿಕೊಂಡರೆ ಅದರಲ್ಲಿ ಮುಕ್ಕಾಲು ಪಾಲು ತಪ್ಪುತ್ತದೆ.