ಸಣ್ಣ ಕಾರ್ಡುಗಳು ಗೆದ್ದ ಲೆಕ್ಕ

ಇಸ್ಪೀಟಿನಲ್ಲಿ ಗೆದ್ದವನನ್ನು ನೋಡಿ "ಅವನ ಕೈಗುಣ ಹಾಗಿದೆ ಮಾರಾಯ" ಅನ್ನೋದು ನಮ್ಮ ಶಿರಸಿ ಕಡೆ ಮಳೆಗಾಲದ ಮಾತು. ಮೊಬೈಲಿನಲ್ಲಿ 'ಮ್ಯಾಜಿಕ್: ದ ಗ್ಯಾದರಿಂಗ್' ಆಡುವ ಹುಡುಗರೂ ಅದನ್ನೇ ಹೇಳುತ್ತಾರೆ. ಜೊತೆಗೆ "ದೊಡ್ಡ ಕಾರ್ಡ್ ಇದ್ದವನೇ ಗೆಲ್ಲೋದು" ಅಂತ ಇನ್ನೊಂದು ಸೇರಿಸುತ್ತಾರೆ. ಎರಡೂ ತಪ್ಪು. ಎರಡನೆಯದು ತಪ್ಪು ಅಂತ 1996ರಲ್ಲೇ ಆಡಿ ತೋರಿಸಿಯಾಗಿದೆ.

ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ ಬಂದದ್ದು 1993ರಲ್ಲಿ. ಕನಿಷ್ಠ 60 ಕಾರ್ಡಿನ ಡೆಕ್ಕನ್ನು ಆಟಗಾರನೇ ಕಟ್ಟಿಕೊಳ್ಳಬೇಕು. ಬಲವಾದದ್ದನ್ನೆಲ್ಲ ಗುಡ್ಡೆ ಹಾಕಿದರೆ ಡೆಕ್ ಆಯಿತು ಅಂತ ಆಗ ಬಹಳ ಜನ ಅಂದುಕೊಂಡಿದ್ದರು. 1996ರಲ್ಲಿ ಅಮೆರಿಕದ ಅಟ್ಲಾಂಟಾದ ಅರ್ಹತಾ ಪಂದ್ಯವೊಂದರಲ್ಲಿ ಪಾಲ್ ಸ್ಲೈ ಎಂಬಾತ ಕೆಂಪು ಬಣ್ಣದ ಸಣ್ಣಪುಟ್ಟ ಕಾರ್ಡುಗಳನ್ನು ಹಿಡಿದು ಎರಡನೇ ಸ್ಥಾನಕ್ಕೆ ಬಂದ. ಡೆಕ್ ಯೋಚಿಸಿದ್ದು ಜೇ ಶ್ನೈಡರ್, ಹೆಸರು ಮಾತ್ರ ಸ್ಲೈ ಅಂತಲೇ ಉಳಿಯಿತು. ಅದರಲ್ಲಿ ಐರನ್‌ಕ್ಲಾ ಆರ್ಕ್ಸ್ ಅನ್ನೋ ಪ್ರಾಣಿಯ ಕಾರ್ಡಿತ್ತು. ಬೆಲೆ ಎರಡು ಮಾನಾ (ಕಾರ್ಡು ಇಳಿಸಲು ಖರ್ಚು ಮಾಡುವ ಶಕ್ತಿ), ಹೊಡೆತ ಎರಡು. ಎದುರಿನ ಪ್ರಾಣಿಯ ಹೊಡೆತ ಎರಡೋ ಜಾಸ್ತಿಯೋ ಇದ್ದರೆ ಇದು ಅಡ್ಡ ನಿಲ್ಲುವಂತೆಯೂ ಇಲ್ಲ! ಇಂಥದ್ದನ್ನು ಯಾರು ಹಾಕಿಕೊಳ್ಳುತ್ತಾರೆ, ಅಲ್ವಾ?

ಗುಟ್ಟಿರೋದು ಮಾನಾದಲ್ಲಿ. ಅದನ್ನು ಕೊಡೋದು ಲ್ಯಾಂಡ್ ಅನ್ನೋ ಕಾರ್ಡು, ಒಂದು ಸರದಿಗೆ ಒಂದೇ ಲ್ಯಾಂಡ್ ಇಡಬಹುದು. ಹಾಗಾಗಿ ಮೊದಲ ಸರದಿಗೆ ಒಂದು ಮಾನಾ, ಎರಡನೆಯದಕ್ಕೆ ಎರಡು, ಹೀಗೆ ಏರುತ್ತದೆ. ಖರ್ಚಾಗದ್ದು ಮುಂದಕ್ಕೆ ಉಳಿಯುವುದಿಲ್ಲ. ನಾಲ್ಕು ಸರದಿಗೆ ಒಟ್ಟು 10 ಆಯಿತು. ಕೈತುಂಬ ಐದು ಮಾನಾದ ಕಾರ್ಡೇ ಹಿಡಿದು ಕೂತವನಿಗೆ ಆ ಹತ್ತೂ ದಂಡ. ಇತ್ತ ಎರಡನೇ ಸರದಿಯಲ್ಲಿ ಇಳಿದ ಆರ್ಕ್ ಮೂರನೆಯದರಿಂದಲೇ ಹೊಡೆಯುತ್ತದೆ. ಯಾರೂ ತಡೆಯದಿದ್ದರೆ ಆರನೇ ಸರದಿ ಮುಗಿಯುವಾಗ ಎದುರಾಳಿಯ 20 ಜೀವದಲ್ಲಿ 8 ಹೋಗಿರುತ್ತದೆ. ಐದನೇ ಸರದಿಯಲ್ಲಿ ಇಳಿದ, ಐದು ಹೊಡೆತದ ದೈತ್ಯ ಅಷ್ಟು ಹೊತ್ತಿಗೆ ಕಳೆದಿರೋದು ಬರೀ 5. ತಡೆಯಲು ಬಂದವನಿಗೆ ಲೈಟ್ನಿಂಗ್ ಬೋಲ್ಟ್ ಕಾದಿರುತ್ತದೆ, ಒಂದೇ ಮಾನಾಕ್ಕೆ ಮೂರು ಏಟು. ಅಡಿಕೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು ಅಂತ ನಮ್ಮವರು ತೋಟದ ನಡುವೆ ಬಾಳೆ ಹಾಕುತ್ತಾರಲ್ಲ, ಶ್ನೈಡರ್ ಮಾಡಿದ್ದೂ ಅದನ್ನೇ. ಪ್ರತಿ ಸರದಿಯ ಮಾನಾಕ್ಕೂ ಒಂದು ಕೆಲಸ ಇಟ್ಟರು. ಇದನ್ನೇ ಆಟದವರು ಮಾನಾ ಕರ್ವ್ ಅನ್ನುತ್ತಾರೆ. ಈಗ ನಿಧಾನದ ಡೆಕ್ ಕಟ್ಟುವವರೂ ಮೊದಲ ಸರದಿಗಳಿಗೆ ಅಗ್ಗದ ಕಾರ್ಡು ಇಟ್ಟುಕೊಂಡೇ ಮುಂದಿನ ಮಾತು ಆಡುತ್ತಾರೆ.

ಇನ್ನು ಕೈಗುಣ. 60ರಲ್ಲಿ 24 ಲ್ಯಾಂಡ್ ಇಟ್ಟರೆ ಮೊದಲ ಏಳು ಕಾರ್ಡಿನಲ್ಲಿ ಒಂದೂ ಲ್ಯಾಂಡ್ ಬಾರದೆ ಇರೋದು ಸರಾಸರಿ 100 ಆಟದಲ್ಲಿ ಎರಡು ಸಲ. ಕಾರ್ಡು ಚೆನ್ನಾಗಿ ಕಲಸಿದ್ದರೆ ಇದು ಯಾರ ಕೈಗೂ ಒಂದೇ, ಎಡಮಗ್ಗುಲಲ್ಲಿ ಎದ್ದರೂ ಅಷ್ಟೇ. ಬದಲಾಯಿಸಬಹುದಾದದ್ದು ಡೆಕ್ ಕಟ್ಟುವಾಗಿನ ಎಣಿಕೆ. ಒಂದೇ ಕಾರ್ಡಿನ ನಾಲ್ಕು ಪ್ರತಿ ಹಾಕಲು ನಿಯಮ ಬಿಡುತ್ತದೆ. ನಾಲ್ಕೂ ಹಾಕಿದರೆ ಮೊದಲ ಏಳರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಸುಮಾರು 40%, ಮೂರೇ ಹಾಕಿದರೆ ಸುಮಾರು 32%. ಕೆಂಪು ಡೆಕ್ಕಿನವರು ಲೈಟ್ನಿಂಗ್ ಬೋಲ್ಟ್ ನಾಲ್ಕೂ ಹಾಕೋದು ಅದಕ್ಕೇ.